ಗಾಜಿಗೆ ಬಾರದ ನೀರು

ಡಿಸೆಂಬರ್ ಹನ್ನೊಂದು, ಗುರುವಾರ. ಬೆಳಿಗ್ಗೆ ಹನ್ನೊಂದೂಕಾಲಿಗೆ ಹೆಮ್ಮಿಗೆಯ ಚಿಕ್ಕಬಸಮ್ಮ ತಿ. ನರಸೀಪುರ ಠಾಣೆಗೆ ಬಂದಳು. ಇನ್‌ಸ್ಪೆಕ್ಟರ್ ಶಾಲಿನಿ ಮೂರು ದಿನ ಬಂದೋಬಸ್ತಿನಲ್ಲಿ ನಿಂತು ಆಗಷ್ಟೇ ಹಿಂತಿರುಗಿದ್ದಳು. ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಆದರೂ ದೂರನ್ನು ತಾನೇ ಬರೆದುಕೊಂಡಳು. ಹೆಡ್ ಕಾನ್‌ಸ್ಟೆಬಲ್ ಮಹದೇವಯ್ಯ ಬರೆದದ್ದನ್ನು ಓದಲು ಮತ್ತೆ ಮಹದೇವಯ್ಯನೇ ಬೇಕಾಗುತ್ತಿತ್ತು.

ಬೆಳಿಗ್ಗೆ ಏಳೂ ಮುಕ್ಕಾಲಿಗೆ ಚಿಕ್ಕಬಸಮ್ಮನ ಗಂಡ ಚೆಲುವಯ್ಯನಿಗೆ ನಂಜನಗೂಡಿನ ಕಡೆಯಿಂದ ಬಂದ ಕಾರು ಗುದ್ದಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು.

"ಉಲ್ಲಿನ ಒರೆ ಏರ್ಕೊಂಡು ಸೈಕಲ್ ತಳ್ಕೊಂಡು ಬತ್ತಿದ್ರು. ರೋಡ್ ಬುಟ್ಟು ಕೆಳುಗೇ ಇದ್ರು ಮೇಡಂ. ಅದನ್ನ ಬರ್ಕೊಳ್ಳಿ," ಎಂದಳು ಚಿಕ್ಕಬಸಮ್ಮ.

ಅದನ್ನು ಬರೆದ ಮೇಲೆಯೇ ಸಹಿ ಹಾಕಿದಳು. ಶಾಲಿನಿಯ ವಯಸ್ಸಿನವಳೇ. ನಿರ್ಲಕ್ಷ್ಯದ ಚಾಲನೆ, ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಕಾರು ಓಡಿಸುತ್ತಿದ್ದವನು ಕೃಷ್ಣಪ್ರಸಾದ್; ಶಿವಮೊಗ್ಗದಲ್ಲಿ ಕಾಲೇಜು ಮೇಷ್ಟ್ರು. ಹಿಂದಿನ ರಾತ್ರಿಯಷ್ಟೇ ರಜೆಗೆಂದು ನಂಜನಗೂಡಿನ ಮನೆಗೆ ಬಂದಿದ್ದ. ಅಪ್ಪನ ಕಾರಿನಲ್ಲೇ ಅವರನ್ನು ತಿ. ನರಸೀಪುರಕ್ಕೆ ಕರೆತರುವಾಗ ಮುಂದಿದ್ದ ಟ್ರ್ಯಾಕ್ಟರ್ ಕೆಸರು ಹಾರಿಸಿತು. ಗಾಜು ತೊಳೆಯುವ ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದಿತು, ನೀರು ಬರಲಿಲ್ಲ. ಒಣ ವೈಪರು ಕೆಸರನ್ನು ಗಾಜಿನ ತುಂಬ ಸಾರಿಸಿಬಿಟ್ಟಿತು. ಬ್ರೇಕ್ ಹಾಕಿದ್ದನಂತೆ, ಆದರೆ ಹೊತ್ತಾಗಿತ್ತು.

"ನಿನ್ನೆ ತಾನೇ ಮನೇಲಿ ಅದನ್ನ ರಿಪೇರಿ ಮಾಡಿಸಿದ್ದು ಮೇಡಂ. ಆ ಮೆಕ್ಯಾನಿಕ್ಕನ್ನ ಕೇಳಿ," ಎಂದ.

ಸಂಜೆ ನಾಲ್ಕಕ್ಕೆ ಮೆಕ್ಯಾನಿಕ್ ಸಣ್ಣಯ್ಯ ಠಾಣೆಯ ಬೆಂಚಿನ ಮೇಲಿದ್ದ. ಆಳು ಸಿಕ್ಕನಲ್ಲ, ಬೇಗ ಮುಗಿಸಿ ಎಂದು ಮೇಲಿನವರ ಫೋನೂ ಬಂತು. ಮುಗಿಸುವುದು ಶಾಲಿನಿಗೂ ಬೇಕಿತ್ತು. ಮೈಯೆಲ್ಲ ನಿದ್ದೆ ಕೇಳುತ್ತಿತ್ತು.

"ಸರಿಯಾಗಿ ಮಾಡಿದ್ದೆಯೇನಯ್ಯ?"

"ತಿಂಗಳಲ್ಲಿ ಮೂರನೇ ಸಲ ಮೇಡಂ. ಮೊದ್ಲು ನೀರು ಚಿಮ್ಮೋ ತೂತಲ್ಲಿ ರಂಗೋಲಿ ಪುಡಿ ಇತ್ತು, ಪಿನ್ನಾಕಿ ತೆಗ್ದೆ. ಆಮ್ಯಾಕೆ ನೀರೆತ್ತೋ ಮೋಟ್ರಿನ ಫ್ಯೂಜೇ ಇರ್ನಿಲ್ಲ. ಬುಧ್ವಾರ ಪೈಪು ಕಳಚ್ಕೊಂಡಿತ್ತು. ಸಿಗಿಸಿ, ನೀರು ಬುಟ್ಟು ತೋರ್ಸೇ ಬಂದಿವ್ನಿ."

"ಯಾರಿಗೆ ತೋರಿಸಿದೆ?"

"ಆ ಮನೆ ಅಮ್ಮೋರ್ಗೆ. ಮೂರು ಸಲಾನೂ ಕಾಪಿ ತಂದ್ಕೊಟ್ಟು ಪಕ್ಕದಲ್ಲೇ ನಿಂತಿದ್ರು. ಇದೇನು, ಅದೇನು ಅಂತ ಕೇಳೋರು. ಎಲ್ಲಾ ಏಳ್ಕೊಟ್ಟೆ." ಅವನು ಬೆಂಚಿನಿಂದ ಎದ್ದು ನಿಂತ. "ನನ್ನೆಸ್ರು ಪೇಪರ್ನಲ್ಲಿ ಬಂದ್ರೆ ನನ್ ತಾವ ಯಾರು ಗಾಡಿ ತತ್ತಾರೆ ಮೇಡಂ?"

ಶಾಲಿನಿ ಅವನನ್ನು ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ಬಾ ಎಂದು ಕಳಿಸಿದಳು.

ಶುಕ್ರವಾರ ಹತ್ತಕ್ಕೆ ಪಂಚರ ಮುಂದೆ ಕಾರಿನ ಪಂಚನಾಮೆ ನಡೆಯಿತು. ಬ್ರೇಕು ಸರಿಯಿತ್ತು, ಗಾಜು ತೊಳೆಯುವ ನೀರಿನ ತೊಟ್ಟಿಯೂ ತುಂಬಿತ್ತು. ಬಾನೆಟ್ಟಿನ ಕೆಳಗಿನ ಸಣ್ಣ ಪೈಪು ಬಿಚ್ಚಿದಾಗ ಒಳಗೆ ತುರುಕಿದ್ದ ಹತ್ತಿ ಸಿಕ್ಕಿತು. ಮಹದೇವಯ್ಯ "ಹತ್ತಿ ಉಂಡೆ, ಎರಡು" ಎಂದು ಬರೆಯತೊಡಗಿದ.

ಶಾಲಿನಿ ಅವನ್ನು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿದಳು. ಬುಡ ಅಗಲ, ತುದಿ ಹೊಸೆದದ್ದು. ನಿಲ್ಲಲೆಂದು ಬೆರಳಿಗೆ ಹಾಲು ಮುಟ್ಟಿಸಿ ಹೊಸೆದ ಗಟ್ಟಿತನ ನೆನೆದರೂ ಹೋಗಿರಲಿಲ್ಲ. ಅವಳ ಅಜ್ಜಿಯೂ ಮಧ್ಯಾಹ್ನವೆಲ್ಲ ಕೂತು ಇದನ್ನೇ ಮಾಡುತ್ತಿದ್ದಳು.

"ಹೂಬತ್ತಿ ಅಂತ ಬರೀರಿ," ಎಂದಳು. ಯಾವ ಗ್ಯಾರೇಜಿನಲ್ಲೂ ದೇವರ ದೀಪದ ಬತ್ತಿ ಇರುವುದಿಲ್ಲ.

ಶನಿವಾರ ಮೂರೂವರೆಗೆ ಜೀಪು ನಂಜನಗೂಡಿನ ಮನೆಯ ಮುಂದೆ ನಿಂತಿತು. ಜಾಮೀನಿನ ಮೇಲಿದ್ದ ಕೃಷ್ಣಪ್ರಸಾದ್ ವಕೀಲರ ಬಳಿ ಹೋಗಿದ್ದ. ಜಗಲಿಯಲ್ಲಿ ಅವನ ತಂದೆ ಕೃಷ್ಣಮೂರ್ತಿ ಕೂತಿದ್ದರು. ನಿವೃತ್ತ ಸಂಸ್ಕೃತ ಪಂಡಿತರು, ಗುರುವಾರ ಗುರುವಾರ ತಾವೇ ಕಾರು ಓಡಿಸಿಕೊಂಡು ತಿ. ನರಸೀಪುರಕ್ಕೆ ಪಾಠ ಹೇಳಲು ಹೋಗುವವರು. ಪಕ್ಕದಲ್ಲಿ ಹೆಂಡತಿ ಚಂಪಕಮ್ಮ, ಅವರ ಮಡಿಲಲ್ಲಿ ಹತ್ತಿ.

ಕಾರು ತೆಗೆಯುವ ಕ್ರಮ ಹೇಗೆಂದು ಶಾಲಿನಿ ಕೇಳಿದಳು. ಪಂಡಿತರು ಪಾಠದ ಧಾಟಿಯಲ್ಲೇ ಹೇಳಿದರು.

"ಮೊದಲು ಗಾಜಿಗೆ ನೀರು, ಆಮೇಲೆ ಗೇರು. ನೀರು ಬರದಿದ್ದರೆ ಗಾಡಿ ಅಂಗಳ ದಾಟೋದಿಲ್ಲ. ಇಪ್ಪತ್ತು ವರ್ಷದ ನಿಯಮ. ಅವತ್ತು ಪ್ರಸಾದನಿಗೂ ಹೇಳಿದೆ, ಆಮೇಲೆ ನೋಡೋಣ ಅಂದ."

ಶಾಲಿನಿ ಅವರನ್ನು ವಿಮೆಯ ಕಾಗದ ತರಲು ಒಳಗೆ ಕಳಿಸಿದಳು. ಬತ್ತಿ ಹೊಸೆಯುತ್ತಿದ್ದ ಚಂಪಕಮ್ಮನ ಕೈ ನಿಂತಿತ್ತು.

"ಪೈಪಿಗೆ ಬತ್ತಿ ಇಟ್ಟವರು ಯಾರು?"

"ನಾನೇ."

"ಯಾವಾಗ?"

"ಬುಧವಾರ ಸಂಜೆ, ಸಣ್ಣಯ್ಯ ಹೋದ ಮೇಲೆ. ಪ್ರಸಾದ ಬರ್ತಾನೆ ಅಂತ ಗೊತ್ತಿರಲಿಲ್ಲ."

"ಗುರುವಾರ ಬೆಳಿಗ್ಗೆ ಮಗನಿಗೆ ಯಾಕೆ ಹೇಳಲಿಲ್ಲ?"

ಚಂಪಕಮ್ಮ ಸೆರಗಿನ ಅಂಚು ಸುತ್ತಿದರು, ಬಿಚ್ಚಿದರು. "ಅವನ ಕಣ್ಣು ಚೆನ್ನಾಗಿದೆಯಲ್ಲ, ಒಂದು ದಿನಕ್ಕೆ ಏನಾಗತ್ತೆ ಅಂದ್ಕೊಂಡೆ. ಹೇಳಿದ್ರೆ ಇವರಿಗೆ ಗೊತ್ತಾಗಿಬಿಡೋದು."

ಆಮೇಲೆ ಕೇಳದೆಯೇ ಹೇಳಿದರು. ಗಂಡನ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಮಂಜು. ಇನ್ನು ಕಾರು ಮುಟ್ಟಬೇಡಿ ಎಂದು ವೈದ್ಯರು ಆಗಸ್ಟಿನಲ್ಲೇ ಹೇಳಿದ್ದರು. ಇವರು ಎರಡು ಸಲ ಕಾರನ್ನು ಕಾಂಪೌಂಡಿಗೆ ಉಜ್ಜಿದರು, ಗೋಡೆಯೇ ಓರೆ ಎಂದರು. ಬೇಡಿಕೊಂಡಾಗ ನಾಲ್ಕು ದಿನ ಮಾತು ಬಿಟ್ಟರು. ಹೆಂಡತಿಯ ಮಾತು ಮೀರುವ ಮನುಷ್ಯ, ತನ್ನ ನಿಯಮ ಮಾತ್ರ ಮೀರುವವರಲ್ಲ. ಹಾಗಾಗಿ ತಿಂಗಳಿಂದ ಚಂಪಕಮ್ಮನೇ ನೀರು ನಿಲ್ಲಿಸುತ್ತ ಬಂದಿದ್ದರು. ದಾರಿಯಲ್ಲಿ ಯಾರಿಗೂ ಏನೂ ಆಗಬಾರದು ಎಂಬುದೊಂದೇ ಅವರ ಆಸೆಯಾಗಿತ್ತು.

"ಸಣ್ಣಯ್ಯನ್ನ ಬಿಟ್ಬಿಡಿ, ಪಾಪ," ಎಂದರು. ಹತ್ತಿಯನ್ನು ಮಡಿಲಿನಿಂದ ಪಕ್ಕಕ್ಕಿಟ್ಟು ಕೇಳಿದರು: "ಸತ್ತವರ ಮನೇಲಿ ಯಾರಿದ್ದಾರೆ?"

"ಹೆಂಡತಿ. ನನ್ನ ವಯಸ್ಸು."

ಚಂಪಕಮ್ಮ ಮುಖ ಮುಚ್ಚಿಕೊಂಡರು. ಶಾಲಿನಿ ಠಾಣೆಗೆ ಫೋನ್ ಮಾಡಿ ಸಣ್ಣಯ್ಯನನ್ನು ಮನೆಗೆ ಕಳಿಸಲು ಹೇಳಿದಳು. ನಾಲ್ಕು ಐವತ್ತಕ್ಕೆ ಚಂಪಕಮ್ಮನ ಬಂಧನದ ಕಾಗದಕ್ಕೆ ಸಹಿಯಾಯಿತು. ಮಗನ ಮೇಲಿನ ಆರೋಪವೂ ಹಾಗೇ ಉಳಿಯುತ್ತದೆ ಎಂಬುದನ್ನು ಮುಚ್ಚಿಡದೆ ತಿಳಿಸಿದಳು.

ಪಂಡಿತರಿಗೂ ಎಲ್ಲವನ್ನೂ ಹೇಳಿದಳು. ಅವರು "ನನ್ನ ಕಣ್ಣಿಗೇನಾಗಿದೆ?" ಎಂದಷ್ಟೇ ಅಂದು ಒಳಗೆ ಹೋದರು. ಮಹಿಳಾ ಕಾನ್‌ಸ್ಟೆಬಲ್ ಚಂಪಕಮ್ಮನನ್ನು ಜೀಪಿನಲ್ಲಿ ಕೂರಿಸಿದಳು.

ಪಂಡಿತರು ಶಾಲು ಹಿಡಿದು ಮೆಟ್ಟಿಲಿಳಿದು ಬಂದರು. ಕಂಬದ ಪಕ್ಕ ನಿಂತಿದ್ದ ಶಾಲಿನಿಯ ಹೆಗಲ ಮೇಲೆ, ಸಮವಸ್ತ್ರದ ನಕ್ಷತ್ರಗಳ ಮೇಲೆಯೇ, ಅದನ್ನು ಹೊದಿಸಿದರು.

"ಚಂಪಕಾ, ರಾತ್ರಿ ಚಳಿ ಇರತ್ತೆ," ಎಂದರು ಮೆಲ್ಲಗೆ.

ಶಾಲಿನಿ ಅಲುಗಲಿಲ್ಲ. ಜೀಪಿನೊಳಗಿಂದ ಚಂಪಕಮ್ಮ ಹೇಳಿದರು: "ನಾನು ಇಲ್ಲಿದ್ದೀನಿ ಕಣ್ರೀ."

ಪಂಡಿತರ ಕೈ ಹಾಗೇ ನಿಂತಿತು. ಆಮೇಲೆ ಪಂಚೆಯ ಸೊಂಟದಿಂದ ಕಾರಿನ ಇನ್ನೊಂದು ಕೀಲಿ ತೆಗೆದು ಗಾಳಿಯಲ್ಲಿ ಚಾಚಿದರು.

"ಇನ್‌ಸ್ಪೆಕ್ಟರ್ ಎಲ್ಲಿದ್ದಾರೆ?"

"ಇಲ್ಲೇ ಇದ್ದೀನಿ ಸರ್," ಎಂದು ಶಾಲಿನಿ ಅವರ ಕೈಯ ಕೆಳಗೆ ಅಂಗೈ ಹಿಡಿದಳು.