ಬೀಗ ಹಾಕಿದ ಮನೆಯ ದೀಪ

“ಬೀಗ ಹಾಕ್ಕೊಂಡು ಹೋಗು ತಂಬಿ, ಬೇಡ ಅನ್ನಲ್ಲ. ಆದ್ರೆ ಒಳಗೆ ದೀಪ ಉರೀಬಾರ್ದು. ಕತ್ತಲೇಲೇ ಬಿಟ್ಟು ಹೋಗು.”

ಕಾಂಪೌಂಡ್ ಗೋಡೆಯಾಚೆ ನಿಂತು ಪಕ್ಕದ ಮನೆಯ ಮುದುಕಿ ಭೀಮಾಬಾಯಿ ಹೀಗೆಂದಾಗ ರೇವಣಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ. ಅವನ ಕೈಯಲ್ಲಿ ಆಗಷ್ಟೇ ಕೆಲಸ ಮುಗಿದ ಮರದ ಪೆಟ್ಟಿಗೆಯಿತ್ತು. ಅದರೊಳಗೆ ಗಡಿಯಾರದ ಯಂತ್ರ, ನಿಧಾನ ತಿರುಗುವ ಹಿತ್ತಾಳೆಯ ಚಕ್ರ, ಚಕ್ರದ ಅಂಚಿಗೆ ಮೊಳೆಗಳು. ಒಂದೊಂದು ಮೊಳೆ ಬಂದು ತಾಗಿದಾಗಲೂ ‘ಟಕ್’ ಎಂದು ಒಂದೊಂದು ಕೋಣೆಯ ದೀಪ ಹತ್ತುತ್ತಿತ್ತು, ಇನ್ನೊಂದು ಆರುತ್ತಿತ್ತು. ಅಂಬತ್ತೂರಿನ ಕಾರ್ಖಾನೆಯಲ್ಲಿ ದಿನವಿಡೀ ಇಂಥ ಯಂತ್ರಗಳ ನಡುವೆಯೇ ಇರುವ ಎಂಜಿನಿಯರ್ ಅವನು. ಗದಗಿನಿಂದ ಮದ್ರಾಸಿಗೆ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಎಂಬತ್ತೆರಡರ ಆ ಬೇಸಿಗೆಯಲ್ಲಿ, ಊರಂಚಿಗೆ ಅವರ ಮನೆಯಿದ್ದ ಪೋರೂರಿನಲ್ಲಿ ಕಳ್ಳರ ಕಾಟ ಹೆಚ್ಚಾಗಿತ್ತು. ಕೆರೆಯ ದಂಡೆಗೆ ದೂರದೂರ ಚದುರಿದ ಮನೆಗಳು. ಸಂಜೆಗೆ ದೀಪ ಕಾಣದ ಮನೆ ಬೆಳಗಾಗುವಷ್ಟರಲ್ಲಿ ಬರಿದಾಗುತ್ತಿತ್ತು. ಹೆಂಡತಿ ಸರ್ವಮಂಗಳಾಳ ತಂಗಿಯ ಮದುವೆಗೆ ಗದಗಿಗೆ ಹೋಗಲೇಬೇಕು. ಅದಕ್ಕಾಗಿಯೇ ಈ ಪೆಟ್ಟಿಗೆ. ದೀಪ ಹಚ್ಚುವ ಹೊತ್ತಿಗೆ ನಡುಮನೆ, ಆಮೇಲೆ ಅಡುಗೆಮನೆ, ಊಟದ ಹೊತ್ತು ಕಳೆದ ಮೇಲೆ ಮಲಗುವ ಕೋಣೆ. ನೋಡಿದವರು ಒಳಗೊಂದು ಸಂಸಾರವಿದೆ ಎಂದೇ ತಿಳಿಯಬೇಕು.

“ಕಳ್ಳ ಬಂದ್ರೆ ನಾಲ್ಕು ಪಾತ್ರೆ ಹೋಗುತ್ತೆ, ಅಷ್ಟೇ,” ಎಂದಳು ಭೀಮಾಬಾಯಿ. ಆಕೆಯ ತೀರಿಕೊಂಡ ಗಂಡ ರೈಲ್ವೆಯಲ್ಲಿದ್ದವರು. ಮನೆಮಾತು ಕನ್ನಡವಾದರೂ ಆಕೆ ಹುಟ್ಟಿ ಬೆಳೆದದ್ದೆಲ್ಲ ಈ ಕೆರೆಯ ಬದಿಯಲ್ಲೇ, ‘ಹೇಳು’ ಎನ್ನುವಲ್ಲಿ ‘ಶೊಲ್ಲು’ ಎಂಬ ತಮಿಳು ನುಸುಳುತ್ತಿತ್ತು. “ನಿಂಗೆ ಅಂಬುಜಮ್ಮನ ವಿಷಯ ಯಾರೂ ಶೊಲ್ಲಲಿಲ್ವಾ?”

ಆಕೆ ಹೇಳಿದಳು. ಹಿಂದೆ ರೇವಣಸಿದ್ದಪ್ಪನ ಈ ಮನೆಯಲ್ಲಿದ್ದವರು ವರ್ಷಕ್ಕೆ ಎಂಟು ತಿಂಗಳು ವ್ಯಾಪಾರವೆಂದು ಊರೂರು ತಿರುಗುತ್ತಿದ್ದರು. ಮಕ್ಕಳಿಲ್ಲದ ವಿಧವೆ ಅಂಬುಜಮ್ಮ, ಮನೆಯ ಯಜಮಾನನ ತೀರಿಹೋದ ಅಣ್ಣನ ಹೆಂಡತಿ. ಮನೆ ಪಾಳು ಕಾಣಬಾರದೆಂದು ಮೈದುನ ಅವಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದ. ಸಂಜೆಯಾದರೆ ಅವಳು ದೀಪ ಹಚ್ಚಬೇಕು, ಒಲೆ ಹೊತ್ತಿಸಬೇಕು, ಕಿಟಕಿಯಲ್ಲಿ ಕೂರಬೇಕು. ಒಮ್ಮೆ ಅವಳು ಗೋಡೆ ಹಾರಿ ಓಡಿಹೋದಳು. ಹಿಡಿದು ತಂದ ಮೈದುನ ಮಂತ್ರವಾದಿಯೊಬ್ಬನನ್ನು ಕರೆಸಿದ. ಅವಳ ತಲೆಗೂದಲು ಸುತ್ತಿದ ಕಬ್ಬಿಣದ ಮೊಳೆಗಳನ್ನು ಹೊಸ್ತಿಲಿಗೆ ಹೊಡೆಸಿದ. ಈ ಮನೆಯ ದೀಪದ ಕೆಳಗೆ ಯಾವತ್ತೂ ಒಂದು ಹೆಣ್ಣು ಇರಬೇಕು ಎಂದು ಕಟ್ಟು ಹಾಕಿಸಿದ. ಅದಾದ ಮೇಲೆ ಬೀಗ ತೆಗೆದಿಟ್ಟರೂ ಅವಳಿಗೆ ಹೊಸ್ತಿಲು ದಾಟಲಾಗಲಿಲ್ಲ. ಒಳಗೇ ಸತ್ತಳು. ಸತ್ತ ಮೇಲೂ ದಾಟಲಿಲ್ಲ.

“ನಾನು ಚಿಕ್ಕವಳಿದ್ದಾಗ ನೋಡಿದೀನಿ, ಕಿಟಕೀಲಿ ಕೂತಿರೋಳು. ಮನೇಲಿ ಜನ ಇದ್ರೆ ಏನೂ ಇಲ್ಲ. ಕತ್ತಲೆ ಇದ್ರೂ ಏನೂ ಇಲ್ಲ, ಮಲಗಿರ್ತಾಳೆ. ಜನ ಇಲ್ದೆ ದೀಪ ಉರಿದ್ರೆ ಎದ್ದು ಬರ್ತಾಳೆ. ತನ್ನ ಜಾಗಕ್ಕೆ ಇನ್ನೊಬ್ಬಳನ್ನ ಕೂರಿಸೋವರೆಗೂ ಅವಳಿಗೆ ಬಿಡುಗಡೆ ಇಲ್ಲ ತಂಬಿ.”

“ಹಂಗಾದ್ರ ಛಲೋ ಆತು ಬಿಡ್ರಿ. ಕರೆಂಟಿನ ಜೋಡಿ ಕಾವಲಿಗೆ ಒಬ್ಬಾಕಿನೂ ಸಿಕ್ಕಳು,” ಎಂದು ಅವನು ನಕ್ಕ.

ಭೀಮಾಬಾಯಿ ನಗಲಿಲ್ಲ.

ಹೊರಡುವ ದಿನ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಬರಿಯ ದೀಪ ಸಾಲದು, ಮನುಷ್ಯರ ನೆರಳೂ ಬೇಕು. ಕಿಟಕಿಯ ಬಳಿ ಕುರ್ಚಿಯಿಟ್ಟ. ಅದರ ಬೆನ್ನಿಗೆ ದಿಂಬು ಕಟ್ಟಿ, ಸರ್ವಮಂಗಳಾ ಬೆಳಿಗ್ಗೆ ಬಿಚ್ಚಿಟ್ಟ ಹಸಿರು ಸೀರೆಯನ್ನು ಸುತ್ತಿ, ತಲೆಯ ಮೇಲೆ ಸೆರಗು ಹೊದಿಸಿದ. ಪಕ್ಕದಲ್ಲಿ ಪುಟ್ಟ ಫ್ಯಾನು. ಗಾಳಿಗೆ ಸೆರಗು ಅಲುಗಿದಾಗ ಪರದೆಯ ಮೇಲೆ ಹೆಂಗಸೊಬ್ಬಳು ತಲೆಯಾಡಿಸಿದಂತೆ ಕಂಡಿತು.

ಸರ್ವಮಂಗಳಾಳ ಮುಖ ಬಿಳಿಚಿತು. “ಬ್ಯಾಡ್ರೀ. ನಾ ಉಟ್ಟು ಬಿಟ್ಟ ಸೀರಿ ಅದು. ಹಿಂಗ ಗೊಂಬಿಗೆ ಉಡಸ್ತಾರೇನ್ರಿ?”

“ಗೊಂಬಿ ಅಂತ ಯಾರು ತಿಳಕೋತಾರ? ನೀನ ಕುಂತೀ ಅಂತ ತಿಳಕೋತಾರ.”

“ಅದಕ್ಕ ಬ್ಯಾಡ ಅನ್ನಾಕತ್ತೇನಿ.”

ಅವನು ಬೀಗ ಹಾಕಿದ. ಸೆಂಟ್ರಲ್ ಸ್ಟೇಷನ್ನಿಗೆ ಹೊರಟ ಆಟೋ ತಿರುವು ದಾಟುವವರೆಗೂ ಅವಳು ಹಿಂದಿರುಗಿ ಆ ಕಿಟಕಿಯನ್ನೇ ನೋಡುತ್ತಿದ್ದಳು.

ಗದಗಿನ ಮದುವೆಮನೆಯಲ್ಲಿ ಮೊದಲ ಸಂಜೆ. ಅಂಗಳದಲ್ಲಿ ಹೆಂಗಸರ ನಡುವೆ ಬಳೆ ಇಡಿಸಿಕೊಳ್ಳುತ್ತ ಕೂತಿದ್ದ ಸರ್ವಮಂಗಳಾ ಮಾತಿನ ನಡುವೆಯೇ ಎದ್ದಳು. ಅರ್ಧ ತೊಡಿಸಿದ್ದ ಬಳೆ ಬಳೆಗಾರ್ತಿಯ ಕೈಯಲ್ಲೇ ಒಡೆಯಿತು. ಒಳಗೆ ಹೋಗಿ ಮೂಲೆಯ ಗೋಡೆಗೆ ಮುಖ ಮಾಡಿ ಕೂತಳು, ಅಲ್ಲೊಂದು ಕಿಟಕಿಯಿದೆಯೋ ಎಂಬಂತೆ. ಕರೆದರೆ ಓಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಯವರ ನಡುವೆ ನುಗ್ಗಿದಳು. ಬೆಂಕಿಯಿಲ್ಲದ ಒಲೆಯೊಂದರ ಮುಂದೆ ನಿಂತು ಬರಿಗೈಯಲ್ಲಿ ಏನನ್ನೋ ತಿರುವತೊಡಗಿದಳು. ಆಮೇಲೆ ಹೋಗಿ ಮಲಗಿದಳು. ಕಣ್ಣು ಮಾತ್ರ ತೆರೆದೇ ಇದ್ದವು.

ದಣಿವಿರಬೇಕು ಎಂದುಕೊಂಡ ರೇವಣಸಿದ್ದಪ್ಪ. ಮರುದಿನ ಸಂಜೆ ಮತ್ತೆ ಹಾಗೆಯೇ ಆಯಿತು. ಗೋಡೆ. ಒಲೆ. ಹಾಸಿಗೆ. ಅದೇ ಹೊತ್ತು, ಅದೇ ಸರದಿ. ನಡುಮನೆ, ಅಡುಗೆಮನೆ, ಮಲಗುವ ಕೋಣೆ. ಆ ಸರದಿಯನ್ನು ಗೊತ್ತುಮಾಡಿದವನು ಅವನೇ. ಹಿತ್ತಾಳೆಯ ಚಕ್ರಕ್ಕೆ ಮೊಳೆ ಹೊಡೆದವನು ಅವನೇ.

ಅಕ್ಷತೆ ಬಿದ್ದ ದಿನ ಮಧ್ಯಾಹ್ನ ಅವಳು ಅವನನ್ನು ಹಿತ್ತಲಿಗೆ ಕರೆದು ಅತ್ತಳು. ಅವಳ ಕೂದಲಿನಿಂದ ಕಮಟು ಎಣ್ಣೆಯ, ಸುಟ್ಟ ಬತ್ತಿಯ ವಾಸನೆ ಬರುತ್ತಿತ್ತು.

“ಯಾರೋ ಕರೀತಾರ ರೀ. ಹೆಸರು ಹಿಡದಲ್ಲ. ಟಕ್ ಅಂತ ಸಪ್ಪಳ ಆಕ್ಕೈತಿ, ನನ್ನ ಕಾಲು ತಾವ ಏಳ್ತಾವ. ದಿನಾ ನನ್ನೊಳಗಿಂದು ಏನೋ ಅಷ್ಟಷ್ಟ ಕಡಿಮಿ ಆಗಾಕತ್ತೈತಿ. ಮನೀಗೆ ಹೋಗಿ ಅದನ್ನ ಬಂದ್ ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.”

ಅವನು ಈ ಸಲ ನಗಲಿಲ್ಲ. ಬೀಗರೂಟಕ್ಕೂ ನಿಲ್ಲದೆ ರೈಲು ಹಿಡಿದರು.

ಪೋರೂರಿನಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ಕೆರೆಯ ಕಡೆಯಿಂದ ಕೆಸರಿನ, ಕೊಳೆತ ಜೊಂಡಿನ ವಾಸನೆ. ಕಪ್ಪೆಗಳ ಸದ್ದು ಇರಲಿಲ್ಲ. ನಾಯಿಗಳ ಸದ್ದೂ ಇರಲಿಲ್ಲ. ದಾರಿಯ ಕೊನೆಗೆ ಅವರ ಮನೆ, ನಡುಮನೆಯಲ್ಲಿ ದೀಪ. ಬಲ್ಬಿನ ನಿಶ್ಚಲ ಬೆಳಕಲ್ಲ ಅದು. ಹಳದಿ, ಹೊಗೆಹೊಗೆಯಾದ, ನಡುಗುವ ಬೆಳಕು.

ಭೀಮಾಬಾಯಿ ಕಂದೀಲು ಹಿಡಿದು ಗೇಟಿನಲ್ಲಿ ನಿಂತಿದ್ದಳು. ಅವನನ್ನು ನೋಡಿ ಏನೋ ಹೇಳಹೊರಟವಳು ಅವನ ಹಿಂದಿದ್ದವಳನ್ನು ಕಂಡು ಗೋಡೆಗೆ ಒರಗಿದಳು.

“ತಂಬಿ… ನೀನೊಬ್ನೇ ಊರಿಗೆ ಹೋದೆ ಅಂದ್ಕೊಂಡಿದ್ದೆ. ನಿನ್ನ ಹೆಂಡ್ತಿ ಇಲ್ಲೇ ಇದಾಳಲ್ಲಪ್ಪಾ. ನಿನ್ನೆ ದೀಪ ಹತ್ತಿದಾಗ ಕಿಟಕೀಲಿ ಕೂತು ತಲೆ ಬಾಚ್ಕೋತಿದ್ಲು, ಅವಳದೇ ಮುಖ. ಕೂಗಿದ್ರೆ ನಕ್ಕಳು.” ಆಕೆ ಕಂದೀಲನ್ನು ಮೇಲೆತ್ತಿದಳು. “ಹಾಗಾದ್ರೆ ಇವಳು ಯಾರು?”

ಒಳಗಿನಿಂದ ‘ಟಕ್’ ಎಂಬ ಸದ್ದು ಬಂತು.

ಸರ್ವಮಂಗಳಾ ಅವನ ಕೈ ಕೊಡವಿ ನಡೆದಳು. ಓಡಲಿಲ್ಲ, ನಡೆದಳು. ಅವನು ಓಡಿದರೂ ಅವಳನ್ನು ಹಿಡಿಯಲಾಗಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಅವಳು ಅಂಗೈಯಿಂದ ಬಾಗಿಲು ಮುಟ್ಟಿದಳು. ಬೀಗ ಕಳಚಿ ಕೆಳಗೆ ಬಿತ್ತು. ಹೊಸ್ತಿಲು ದಾಟಿ ಒಳಗೆ ಹೋದಳು.

ಮನೆಯೊಳಗೆ ಸಾಸಿವೆ ಸಿಡಿದ ವಾಸನೆ, ಬಾಡಿದ ಮಲ್ಲಿಗೆಯ ವಾಸನೆ. ಅದರ ಕೆಳಗೆ ಬಹುಕಾಲ ಮುಚ್ಚಿಟ್ಟ ಮೈಯ ವಾಸನೆ. ಕಿಟಕಿಯ ಬಳಿ ಕುರ್ಚಿ ಖಾಲಿ. ದಿಂಬು ನೆಲದ ಮೇಲೆ. ಸೀರೆ ಇಲ್ಲ. ಅಡುಗೆಮನೆಯ ದೀಪದ ಕೆಳಗೆ ಹಸಿರು ಸೀರೆಯ ಬೆನ್ನೊಂದು ಅವನಿಗೆ ಕಂಡಿತು. ಅದರತ್ತ ಸರ್ವಮಂಗಳಾ ಸಾಗುತ್ತಿದ್ದಳು.

ಅವನು ಪೆಟ್ಟಿಗೆಯತ್ತ ಹಾರಿದ. ತಂತಿ ಕಿತ್ತ. ದೀಪ ಆರಲಿಲ್ಲ. ಪೆಟ್ಟಿಗೆಯನ್ನೇ ಎತ್ತಿ ನೆಲಕ್ಕೆ ಬಡಿದ. ಚಕ್ರ ಉರುಳಿತು. ದೀಪ ಆರಲಿಲ್ಲ. ಮೀಟರಿನ ಹತ್ತಿರ ಓಡಿದ. ಫ್ಯೂಸು ಕಿತ್ತು ಜೇಬಿಗೆ ತುರುಕಿದ.

ಕತ್ತಲೆ.

ಉಸಿರಾಟ ಕೇಳಿಸಿತು. ಒಂದಲ್ಲ, ಎರಡು.

“ಮಂಗಳಾ! ಎಲ್ಲಿದ್ದೀ? ಕೈ ಕೊಡು!”

ಕತ್ತಲೆಯಲ್ಲಿ ಒಂದು ಕೈ ಅವನ ಕೈಗೆ ಬಂತು. ಬಿಸಿ ಇತ್ತು. ಬಳೆ ಇದ್ದವು. ಅವನು ಎಳೆದ. ಅದು ಬಂತು. ಹಿಂದಿನಿಂದ ಯಾರೋ ಅವನ ಅಂಗಿಯ ಚುಂಗು ಹಿಡಿದರು. ಐಸಿನಷ್ಟು ತಣ್ಣಗಿನ ಬೆರಳು. ಅವನು ಒದ್ದ. ಅದು ಬಿಟ್ಟಿತು. ಹೊಸ್ತಿಲು. ಮೆಟ್ಟಿಲು. ಅಂಗಳ. ಗೇಟು. ಅವನು ಎಳೆಯುತ್ತಲೇ ಓಡಿದ.

ಕಂದೀಲಿನ ಬೆಳಕಿನಲ್ಲಿ ತಿರುಗಿ ನೋಡಿದ. ಸರ್ವಮಂಗಳಾ. ಅವಳದೇ ಮುಖ, ಅವಳದೇ ಮೂಗುತಿ, ಪ್ರಯಾಣದಲ್ಲಿ ಉಟ್ಟಿದ್ದ ಸೀರೆಯೇ. ಅವನು ಅವಳ ಭುಜ ಹಿಡಿದ. “ಆತು, ಮುಗೀತು. ಇನ್ನ ಆ ಮನಿ ಬ್ಯಾಡ,” ಎಂದು ಬಿಕ್ಕಿದ.

ಅವಳು ಅವನನ್ನು ನೋಡಲಿಲ್ಲ. ಮುಖವೆತ್ತಿ ಕೆರೆಯ ಗಾಳಿಯನ್ನು ಎಳೆದುಕೊಂಡಳು. ಕೈ ತಿರುಗಿಸಿ ತಿರುಗಿಸಿ ತನ್ನ ಬಳೆಗಳನ್ನೇ ನೋಡಿಕೊಂಡಳು.

“ಇಂದ ಕಾತ್ತು ಪಟ್ಟು ಎವ್ವಳವು ವರುಷಂ ಆಚ್ಚು…” ಎಂದಳು.

ಈ ಗಾಳಿ ಮೈಗೆ ಸೋಕಿ ಎಷ್ಟು ವರ್ಷವಾಯಿತು. ತರಕಾರಿಯವಳ ಹತ್ತಿರ ಬೆರಳು ತೋರಿಸಿ ವ್ಯಾಪಾರ ಮಾಡುತ್ತಿದ್ದ ಸರ್ವಮಂಗಳಾಳಿಗೆ ಬರದ ತಮಿಳು ಅದು. ದನಿಯೂ ವಯಸ್ಸಾದವಳದು.

“ಅಂಬುಜಮ್ಮಾ…” ಎಂದು ಭೀಮಾಬಾಯಿ ಉಸುರಿದಳು. ಕಂದೀಲು ಕೈಜಾರಿ ಆರಿತು.

ಹೆಂಗಸು ಮುದುಕಿಗೆ ಕೈಮುಗಿದಳು. ಆಮೇಲೆ ಬಸ್ ರಸ್ತೆಯತ್ತ ಹೊರಟಳು. ಹಿಂದಿರುಗಿ ನೋಡಲಿಲ್ಲ.

ಆಗ ಅವನ ಬೆನ್ನ ಹಿಂದೆ ಬೆಳಕಾಯಿತು. ಫ್ಯೂಸು ಇನ್ನೂ ಅವನ ಜೇಬಿನಲ್ಲೇ ಇತ್ತು. ನಡುಮನೆಯ ಕಿಟಕಿ ಹಳದಿಯಾಗಿ ಉರಿಯುತ್ತಿತ್ತು. ಸರಿದ ಪರದೆಯ ನಡುವೆ ಒಂದು ನೆರಳು ಎರಡೂ ಅಂಗೈಯಿಂದ ಗಾಜನ್ನು ಬಡಿಯುತ್ತಿತ್ತು. ಸದ್ದಿಲ್ಲ. ಬಾಯಿ ತೆರೆಯುತ್ತಿತ್ತು. ಸದ್ದಿಲ್ಲ.

ಓಡಿದ. ಬಾಗಿಲು ನೂಕಿದ. ದೀಪ ಆರಿತು. ಒಳಗೆ ಯಾರೂ ಇಲ್ಲ. ಕೋಣೆ ಕೋಣೆ ತಡಕಿದ. ಬರಿಯ ಗೋಡೆ. ಹೊರಗೆ ಬಂದ. ದೀಪ ಹತ್ತಿತು. ಅವಳು ಬಡಿಯುತ್ತಿದ್ದಳು. ಮತ್ತೆ ಒಳಗೆ. ಕತ್ತಲೆ. ಮತ್ತೆ ಹೊರಗೆ. ಬೆಳಕು. ಅಂಗಿಯ ಚುಂಗು ಹಿಡಿದ ತಣ್ಣನೆಯ ಬೆರಳು ಯಾರವೆಂದು ಅವನಿಗೆ ಆಗ ತಿಳಿಯಿತು. ಅವುಗಳನ್ನು ಒದ್ದವನು ತಾನು ಎಂದೂ ತಿಳಿಯಿತು.

ಸರ್ವಮಂಗಳಾ ತಾನಾಗಿಯೇ ಬಸ್ಸು ಹತ್ತಿ ಹೋದದ್ದನ್ನು ಕಂಡೆವೆಂದವರಿದ್ದರು. ಪೊಲೀಸರು ಮುಂದೆ ಏನನ್ನೂ ಕೇಳಲಿಲ್ಲ. ಗದಗಿನಿಂದ ಬಂದ ಅವಳ ತಂದೆ ಎಗ್ಮೋರಿನ ಲಾಡ್ಜುಗಳಲ್ಲೆಲ್ಲ ಮಗಳ ಫೋಟೋ ತೋರಿಸಿ ಅಲೆದು, ಅಳಿಯನ ಮುಖಕ್ಕೆ ಉಗುಳಿ ಹಿಂದಿರುಗಿದರು. ರೇವಣಸಿದ್ದಪ್ಪ ಹೊಸ್ತಿಲನ್ನೇ ಕೀಳಿಸಿದ. ಮೊಳೆಗಳು ಎಷ್ಟೋ ಹಿಂದೆಯೇ ತುಕ್ಕಾಗಿ ಮರದೊಳಗೆ ಕರಗಿಹೋಗಿದ್ದವು. ತೆಗೆಯುವುದಕ್ಕೆ ಏನೂ ಉಳಿದಿರಲಿಲ್ಲ. ಕರೆಸಿದ ಮಂತ್ರವಾದಿಗಳು ಗೇಟಿನಿಂದಲೇ ತಿರುಗಿದರು.

ಕೆಲಸ ಬಿಟ್ಟ. ಭೀಮಾಬಾಯಿಯ ಮನೆಯ ಹಿಂದಿನ ಕೋಣೆಯಲ್ಲಿ ಉಳಿದ. ಪ್ರತಿ ಸಂಜೆ ಗೋಡೆಯ ಈಚೆ ನಿಂತು ನೋಡುತ್ತಿದ್ದ. ಕೆಲವು ತಿಂಗಳು ಅವಳು ಗಾಜು ಬಡಿದಳು. ಆಮೇಲೆ ಬಡಿಯುವುದು ಬಿಟ್ಟು ಸುಮ್ಮನೆ ಅವನತ್ತ ನೋಡುತ್ತ ಕೂರುತ್ತಿದ್ದಳು. ಅವನು ಗದಗಿನ ಸುದ್ದಿ ಹೇಳುತ್ತಿದ್ದ, ತಂಗಿಗೆ ಗಂಡುಮಗು ಹುಟ್ಟಿದ್ದನ್ನು ಹೇಳಿದ. ಅವಳು ಅವನ ತುಟಿಗಳ ಚಲನೆಯನ್ನೇ ನೋಡುತ್ತಿದ್ದಳು. ಹೊತ್ತಾದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಎಂಬತ್ತೈದರ ಮಳೆಗಾಲ ಕಳೆದ ಒಂದು ಸಂಜೆ. ಅವನು ಎಂದಿನಂತೆ ಗೋಡೆಗೆ ಬಂದು ನಿಂತ. ಅವಳು ಕಿಟಕಿಗೆ ಬಂದಳು. ಅವನು ಕೈಯೆತ್ತಿ, “ಮಂಗಳಾ,” ಎಂದ.

ಅವಳು ಬೆಚ್ಚಿದಳು. ಗುರುತಿಲ್ಲದ ಗಂಡಸೊಬ್ಬ ಮನೆಯೊಳಗೆ ಇಣುಕಿದಂತೆ ಅವನನ್ನು ನೋಡಿದಳು. ಸೆರಗು ಸರಿಪಡಿಸಿಕೊಂಡು, ಮುಖ ತಿರುಗಿಸಿ, ಪರದೆ ಎಳೆದಳು.