ಹಲಸಿನ ಹಲಗೆ

“ತುಳು! ಸರಸ ತುಳು ಮಾತಾಡಿದಳು! ನಾನು ಕೇಳಿದ್ದೇನೆ!”

ಭೋಜ ಕುಣಿಯುತ್ತಾ ಬಂದು ತನ್ನ ಕೊರಳಲ್ಲಿದ್ದ ಹಲಗೆಯನ್ನು ತೆಗೆದು ಸರಸಳ ಕೊರಳಿಗೆ ಹಾಕಿದ.

ಇದು ನಿಮ್ಮ ಅಜ್ಜಿ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದ ಮಾತು. ವೇಣೂರಿನ ಹತ್ತಿರದ ಆ ಶಾಲೆಯಲ್ಲಿ ಕನ್ನಡವನ್ನೇ ಮಾತಾಡಬೇಕು. ಮನೆಯ ತುಳುವೋ ಬ್ಯಾರಿ ಭಾಷೆಯೋ ಬಾಯಿಂದ ಜಾರಿತೋ, ಕೊರಳಿಗೆ ಅಂಗೈಯಗಲದ ಹಲಸಿನ ಹಲಗೆ! ಅದನ್ನು ಕಳಚಬೇಕಾದರೆ ಅದೇ ತಪ್ಪು ಮಾಡಿದ ಇನ್ನೊಬ್ಬರನ್ನು ಹಿಡಿಯಬೇಕು. ಸಂಜೆ ಗಂಟೆ ಹೊಡೆದಾಗ ಹಲಗೆ ಇದ್ದವರು ಅಂಗಳ ಗುಡಿಸಬೇಕು. ಮೂರು ಸಲ ಹಾಗಾದರೆ ಅಪ್ಪನನ್ನು ಕರೆಸುತ್ತಾರೆ. ವೆಂಕಪ್ಪ ಮಾಸ್ಟ್ರು ಕಾವಲು ಕಾಯಬೇಕಾಗಿಯೇ ಇರಲಿಲ್ಲ. ಮಕ್ಕಳೇ ಒಬ್ಬರ ಹಿಂದೆ ಒಬ್ಬರು ಕಿವಿ ನೆಟ್ಟಗೆ ಮಾಡಿಕೊಂಡು ತಿರುಗುತ್ತಿದ್ದರು.

ಸರಸ ಈಗಾಗಲೇ ಎರಡು ಸಲ ಅಂಗಳ ಗುಡಿಸಿದ್ದಳು. ಅಪ್ಪನ ಕೋಪ ಎಂಥದೆಂದು ಅವಳಿಗೆ ಗೊತ್ತಿತ್ತು.

ಊಟದ ಹೊತ್ತಿನಲ್ಲಿ ಬುತ್ತಿಯನ್ನೂ ಬಿಚ್ಚದೆ ಎಲ್ಲರ ಹಿಂದೆ ಸುತ್ತಿದಳು. ಹಲಗೆ ಕಂಡದ್ದೇ ತಡ, ಎಲ್ಲರ ಬಾಯಿಗೂ ಬೀಗ! ಬಾವಿಕಟ್ಟೆಯ ಬಳಿ ಅವಳ ಜೀವದ ಗೆಳತಿ ಸಾಲಿಹಾ ಬುತ್ತಿಯ ಪಾತ್ರೆ ತೊಳೆಯುತ್ತಿದ್ದಳು.

ಸರಸ ಕಾಲು ಹಿಡಿದುಕೊಂಡು ದೊಪ್ಪನೆ ಕುಳಿತಳು. “ಅಯ್ಯೋ!” ಎಂದು ಚೀರಿದಳು.

ಸಾಲಿಹಾ ಪಾತ್ರೆ ಬಿಸಾಡಿ ಓಡಿ ಬಂದಳು. “ದಾದ ಆಂಡ್, ಸರಸಾ?”

ಏನಾಯಿತು ಎಂದು ಗಾಬರಿಯಲ್ಲಿ ತುಳುವಿನಲ್ಲೇ ಕೇಳಿಬಿಟ್ಟಿದ್ದಳು. ಸರಸ ಥಟ್ಟನೆ ಎದ್ದು ಹಲಗೆಯನ್ನು ಅವಳ ಕೊರಳಿಗೆ ಹಾಕಿದಳು.

ಸಾಲಿಹಾ ಹಲಗೆಯನ್ನು ನೋಡಿದಳು. ಆಮೇಲೆ ಸರಸಳ ಕಾಲನ್ನು ನೋಡಿದಳು. ಅಲ್ಲಿ ಮುಳ್ಳೂ ಇರಲಿಲ್ಲ, ಗಾಯವೂ ಇರಲಿಲ್ಲ. ಅವಳು ಪಾತ್ರೆ ಹೆಕ್ಕಲು ಹೋದಳು. ಸರಸಳಿಗೆ ಆಮೇಲೆ ಊಟ ಸೇರಲಿಲ್ಲ.

ಕೊನೆಯ ಪಿರಿಯಡ್‌ನಲ್ಲಿ ಇಬ್ಬರೂ ಎಂದಿನಂತೆ ಪಕ್ಕಪಕ್ಕ ಕುಳಿತಿದ್ದರು. ಸರಸಳ ಮಂಡಿಗೆ ಕೆಂಪಿರುವೆ ಚುರುಕ್ಕೆಂದು ಕಚ್ಚಿತು.

“ಅಪ್ಪೇ!”

ಅಮ್ಮನನ್ನು ತುಳುವಿನಲ್ಲಿ ಕರೆದಿದ್ದಳು! ಸರಸ ಬಾಯಿ ಮುಚ್ಚಿಕೊಂಡಳು. ಕೇಳಿದ್ದು ಸಾಲಿಹಾ ಒಬ್ಬಳಿಗೇ. ಈಗ ಹಲಗೆ ಬರುತ್ತದೆ ಎಂದು ಕಣ್ಣು ಬಿಗಿಯಾಗಿ ಮುಚ್ಚಿದಳು.

“ಉಜ್ಜಬೇಡ, ಬಾತುಕೊಳ್ಳುತ್ತದೆ,” ಎಂದು ಸಾಲಿಹಾ ಮೆಲ್ಲಗೆ ಕನ್ನಡದಲ್ಲಿ ಹೇಳಿ, ಕಚ್ಚಿದ ಕಡೆ ಉಫ್ ಎಂದು ಊದಿದಳು.

ಗಂಟೆ ಹೊಡೆಯಿತು. ಮಾಸ್ಟ್ರು ಅಂಗಳ ಗುಡಿಸಲು ಸಾಲಿಹಾಳ ಕೈಗೆ ಹಿಡಿಸೂಡಿ ಕೊಟ್ಟು ಜಗಲಿಯಲ್ಲಿ ಕುಳಿತರು. ಎಲ್ಲರೂ ಮನೆಗೆ ಓಡಿದರು. ಸರಸ ಗೇಟಿನವರೆಗೆ ಹೋಗಿ ತಿರುಗಿ ಬಂದಳು.

“ನಾನು ತುಳು ಮಾತಾಡಿದ್ದು ನಿನಗೆ ಕೇಳಿತಲ್ಲ?”

“ಕೇಳಿತು.”

“ಮತ್ತೆ ಹಲಗೆ ಯಾಕೆ ಕೊಡಲಿಲ್ಲ ಮಾರಾಯ್ತಿ?”

ಸಾಲಿಹಾ ಗುಡಿಸುವುದನ್ನು ನಿಲ್ಲಿಸಲಿಲ್ಲ. “ಆಗ ನಿನಗೆ ನಿಜವಾಗಿ ನೋವಾಗಿತ್ತಲ್ಲ.”

ಸರಸಳಿಗೆ ಅಳು ಉಕ್ಕಿ ಬಂತು. ಜಗಲಿಯ ಕಡೆ ನೋಡಿದಳು. ಅಪ್ಪನ ನೆನಪಾಯಿತು. ಆದರೂ ಮಾಸ್ಟ್ರಿಗೆ ಕೇಳುವ ಹಾಗೆ ಗಟ್ಟಿಯಾಗಿ ತುಳುವಿನಲ್ಲೇ ಹೇಳಿದಳು:

“ಸಾಲಿಹಾ, ಯಾನ್ ಅಡಿಪುವೆ!”

ನಾನು ಗುಡಿಸುತ್ತೇನೆ ಎಂದು ಹಿಡಿಸೂಡಿಗೆ ಕೈ ಚಾಚಿದಳು. ಮಾಸ್ಟ್ರು ತಲೆಯೆತ್ತಿದರು. ಸರಸ ಗೆಳತಿಯ ಮುಂದೆ ಹಲಗೆಗಾಗಿ ಕೊರಳು ಬಗ್ಗಿಸಿ ನಿಂತಳು.