ಬೇರು ಕಿತ್ತು ನೋಡುವ ಹುಡುಗಿ

ಶಾಹೀನ ಸ್ಟೀಲಿನ ಡಬ್ಬಿಯನ್ನು ಅಂಗಡಿಯ ಗಾಜಿನ ಮೇಲೆ ಕುಕ್ಕಿ ಮುಚ್ಚಳ ತೆಗೆದಳು. ಒಳಗೆ ಕಂದುಗಟ್ಟಿ, ಲೋಳೆಯಾಗಿ ಒಂದಕ್ಕೊಂದು ಅಂಟಿಕೊಂಡ ಎಲೆಗಳು.

"ಇವು ನೀವು ಕೊಟ್ಟ ಗಿಡ ಏನ್ರಿ? ಹನ್ನೆರಡು ದಿನದಾಗ ಕೊಳತಾವ."

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅದೊಂದು ಸಣ್ಣ ಅಕ್ವೇರಿಯಂ ಅಂಗಡಿ. ಮೀನುಗಳಿಗೆ ಕಾಳು ಹಾಕುತ್ತಿದ್ದ ಅಂಗಡಿಯವ, ಜುಬೇರ, ಕೈ ಒರೆಸಿಕೊಂಡು ಬಂದ. ಜಗಳಕ್ಕೆ ಬಂದವಳ ಮುಖವನ್ನು ಅವನು ನೋಡಲೇ ಇಲ್ಲ. ಡಬ್ಬಿಯಿಂದ ಒಂದು ಗಿಡ ಎತ್ತಿ, ಅದರ ಬೇರನ್ನು ಬೆಳಕಿಗೆ ಹಿಡಿದ.

"ದಿನಾ ಕಿತ್ತಿ ನೋಡೀರಿ, ಹೌದಿಲ್ಲೋ?"

ಇವನಿಗೆ ಹೇಗೆ ಗೊತ್ತಾಯಿತು...

"ಬೇರಿನ ತುದಿ ಎಲ್ಲಾ ಹರದಾವ್ರಿ. ಹಿಡದೈತೋ ಇಲ್ಲೋ ಅಂತ ಕೀಳೂದು, ಮತ್ತ ಹಚ್ಚೂದು. ಹಿಂಗಾದ್ರ ಅದು ಹ್ಯಾಂಗ ಹಿಡೀಬೇಕು?"

"ದಿನಾ ಇಲ್ರಿ." ಶಾಹೀನಳ ದನಿ ಇಳಿದಿತ್ತು. "ದಿನ ಬಿಟ್ಟು ದಿನ."

ಜುಬೇರ ಆಗ ಅವಳ ಮುಖ ನೋಡಿದ. ನಗು ತಡೆಯಲು ಹೋಗಿ ಸೋತ.

ಶಾಹೀನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಸೂಜಿ ಚುಚ್ಚಿದರೆ ಮಧ್ಯಾಹ್ನ ರಿಪೋರ್ಟ್ ಕೈಯಲ್ಲಿರಬೇಕು, ಅದು ಅವಳ ಲೋಕ. ತಾಯಿ ನೂರಜಹಾನ ಮೊಣಕಾಲಿನ ಆಪರೇಷನ್ ಆದ ಮೇಲೆ ಅಥಣಿ ರಸ್ತೆಯ ಮನೆಯಲ್ಲಿ ಮಂಚ ಬಿಟ್ಟು ಏಳುತ್ತಿರಲಿಲ್ಲ. ವಾಕರ್ ಹಿಡಿಯಲು ಅಂಜಿಕೆ. ಅಮ್ಮನ ಕಣ್ಣಿಗೆ ಏನಾದರೂ ಬೇಕಲ್ಲ ಎಂದು ಶಾಹೀನ ಎರಡಡಿಯ ಮೀನಿನ ತೊಟ್ಟಿ ತಂದಿಟ್ಟಿದ್ದಳು. ಗಿಡ ಸತ್ತ ದಿನ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ಶಾಹೀನಳ ಸಿಟ್ಟೆಲ್ಲ ಅಲ್ಲಿಂದ ಬಂದದ್ದು.

ಜುಬೇರ ಕತ್ತರಿ ತೆಗೆದುಕೊಂಡು ಕೊಳೆತ ಎಲೆಗಳನ್ನೆಲ್ಲ ಕತ್ತರಿಸಿ ಹಾಕಿದ. ಉಳಿದದ್ದು ಬೆರಳುದ್ದದ ಬೇರಿನ ಗಡ್ಡೆ.

"ಹಿಚುಕಿ ನೋಡ್ರಿ. ಗಟ್ಟಿ ಐತಿಲ್ಲೋ? ಹಂಗಾರ ಜೀವ ಐತಿ. ಇದು ಕ್ರಿಪ್ಟ್ ಅಂತ. ಹೊಸ ನೀರಿಗೆ ಬಂದ್ರ ಹಳೇ ಎಲಿ ಬಿಡೂದು ಇದರ ಗುಣ."

ಆಮೇಲೆ ಅವಳನ್ನು ಒಳಗಿನ ತೊಟ್ಟಿಯ ಹತ್ತಿರ ಕರೆದ.

"ಗಿಡ ಆರಿಸೂವಾಗ ಎಲಿ ನೋಡಿ ಮರುಳಾಗಬ್ಯಾಡ್ರಿ. ತಿರುವಿ ಬೇರು ನೋಡ್ರಿ, ಬೆಳ್ಳಗಿರಬೇಕು. ನಿಮ್ಮದು ಬೋರಿನ ನೀರೇನು? ಹಂಗಾರ ಈ ಉದ್ದನ್ನ ಎಲಿಯ ವ್ಯಾಲಿಸ್ ಗಿಡಾನೂ ಒಯ್ಯಿರಿ. ಸವಳ ನೀರಿಗೆ ಅಂಜೂದಿಲ್ಲ."

"ಹಚ್ಚಿದ ಮ್ಯಾಲೆ ಏನ್ ಮಾಡಬೇಕ್ರಿ?"

"ಕೈ ಕಟ್ಟಿಕೊಂಡು ಕೂಡ್ರಬೇಕು. ಹೊಸ ಎಲಿ ಬರೂತನಕ ಮುಟ್ಟಂಗಿಲ್ಲ."

ಆ ವಾರದ ಭಾನುವಾರ, ಅಂಗಡಿಯ ಚೀಟಿಯಲ್ಲಿದ್ದ ಅವನ ನಂಬರಿಗೆ ನೂರಜಹಾನಳ ಕರೆ ಹೋಯಿತು. "ಯಪ್ಪಾ, ನನ್ನ ಮಗಳ ಕೈ ಸುಮ್ನ ಇರೂ ಕೈ ಅಲ್ಲ. ನೀನ ಬಂದು ಹಚ್ಚಿ ಹೋಗು."

ಜುಬೇರ ಬಂದ. ಬೇರುಗಳನ್ನು ಎರಡು ಬೆರಳಿನಷ್ಟು ಬಿಟ್ಟು ಕತ್ತರಿಸಿ, ಚಿಮಟದಿಂದ ಉಸುಕಿನೊಳಗೆ ಓರೆಯಾಗಿ ಇಳಿಸಿ, ಎಲೆ ಹುಟ್ಟುವ ಜಾಗ ಮಾತ್ರ ಮೇಲೆ ಉಳಿಯುವಂತೆ ಮೆಲ್ಲಗೆ ಎಳೆದ. ಅದು ಮುಚ್ಚಿದರೆ ಗಿಡ ಕೊಳೆಯುತ್ತದಂತೆ. ಪಕ್ಕದಲ್ಲಿ ಗೊಬ್ಬರದ ಗುಳಿಗೆ ಹುಗಿದ.

"ಗಿಡಕ್ಕೂ ಗುಳಿಗಿನಾ?" ನೂರಜಹಾನ ಮಂಚದಿಂದಲೇ ಕೇಳಿದಳು. "ಪಾಪ, ನನ್ನ ಹಂಗ."

ಮುಂದಿನ ಭಾನುವಾರವೂ ಬಂದ, ಅದರ ಮುಂದಿನದೂ. ಅವನು ಬರುವ ಹೊತ್ತಿಗೆ ಶಾಹೀನ ಎರಡು ಸಲ ಕೂದಲು ಬಾಚಿಕೊಳ್ಳುವುದನ್ನು ಅಮ್ಮ ಲೆಕ್ಕ ಹಿಡಿದಿದ್ದಳು, ಬಾಯಿ ಮಾತ್ರ ಬಿಡಲಿಲ್ಲ.

ಒಂದು ಮುಂಜಾನೆ ಲ್ಯಾಬಿಗೆ ಹೊರಡುತ್ತಿದ್ದ ಶಾಹೀನ ಬಾಗಿಲಲ್ಲೇ ನಿಂತುಬಿಟ್ಟಳು. ಅಮ್ಮ ವಾಕರ್ ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಳು. ಮಂಚದಿಂದ ಏಳು ಹೆಜ್ಜೆ.

"ಹೊಸ ಎಲಿ ಬಂದೈತಿ ಬೇ. ಮಂಚದ ಮ್ಯಾಲಿಂದ ಕಾಣಲಿಲ್ಲ, ಅದಕ್ಕ ಎದ್ದೆ."

ಶಾಹೀನ ಆ ದಿನ ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡೇ ಹೋದಳು. ಅವಳು ಅಳುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಸಂಜೆ ಅಡುಗೆಮನೆಯಿಂದ ಚಹಾ ಕುದಿಯುವ ವಾಸನೆ ಬರುತ್ತಿತ್ತು.

"ಅಮ್ಮಿ ಚಹಾ ಮಾಡಿ ಎಷ್ಟು ತಿಂಗಳಾಗಿತ್ತು ಗೊತ್ತೇನ್ರಿ?" ಶಾಹೀನ ಜುಬೇರನಿಗೆ ಹೇಳಿದಳು. "ನಿಮ್ಮ ಉಪಕಾರ ನಾ ಮರೆಯೂದಿಲ್ಲ."

ಅವನ ಕೈ ಇನ್ನೂ ತೊಟ್ಟಿಯ ನೀರಿನೊಳಗಿತ್ತು. "ಶಾಹೀನ, ನಾ ನಿಮ್ಮನ್ನ ನಿಕಾಹ್ ಆಗಬೇಕಂತ ಮಾಡೀನಿ. ಉಪಕಾರಕ್ಕಂತ ಹೂಂ ಅನ್ನಬ್ಯಾಡ್ರಿ. ಉತ್ತರ ಈಗ ಬ್ಯಾಡ."

ಹೂಂ ಎನ್ನುವುದು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ಚಹಾ ತಂದಳು.

ಮುಂದಿನ ಭಾನುವಾರ ಜುಬೇರ ಬರಲಿಲ್ಲ.

ಎರಡನೆಯದಕ್ಕೂ ಇಲ್ಲ. ಫೋನೂ ಇಲ್ಲ. ಮೂರು, ನಾಲ್ಕು... ಶಾಹೀನಳಿಗೆ ಹಳೆಯ ಭಯ ಮರಳಿತು. ನಾಲ್ಕು ವರ್ಷದ ಹಿಂದೆ ಇಮ್ರಾನನ ಜೊತೆ ಮದುವೆ ನಿಶ್ಚಯವಾದಾಗಲೂ ಹೀಗೇ ಆಗಿತ್ತು. ಮೊದಲು ಕರೆ ಕಡಿಮೆಯಾಯಿತು, ಆಮೇಲೆ ನಿಂತಿತು. ಯಾಕೆಂದು ಯಾರೂ ಹೇಳಲಿಲ್ಲ. ಮೂರು ತಿಂಗಳು ಕಾದ ಮೇಲೆ ಅವನ ಮದುವೆಯ ಸುದ್ದಿ ಬಂದಿತ್ತು. ಇನ್ನೊಮ್ಮೆ ಹಾಗೆ ಕಾಯುವ ಶಕ್ತಿ ತನಗಿಲ್ಲ... ಇವನನ್ನು ಕಳೆದುಕೊಳ್ಳುವ ಶಕ್ತಿಯೂ ಇಲ್ಲ.

"ಫೋನ್ ಮಾಡ್ ಬೇ," ಎಂದಳು ಅಮ್ಮ.

"ಕೇಳಿದವರು ಅವರು. ಬಿಟ್ಟವರೂ ಅವರ. ನಾ ಯಾಕ ಮಾಡಲಿ?"

"ಕೀಳಬಾರದಾಗ ಕಿತ್ತಿ ಕಿತ್ತಿ ನೋಡ್ತಿದ್ದಿ. ಈಗ ನೋಡಬೇಕಾಗೈತಿ, ಕೈ ಕಟ್ಟಿಕೊಂಡು ಕುಂತೀ. ಎಂಥಾ ಮಗಳನ್ನ ಹಡದೀನೋ."

ಐದನೆಯ ಭಾನುವಾರ ಶಾಹೀನ ಬಬಲೇಶ್ವರದ ಬಸ್ ಹತ್ತಿದಳು. ಜುಬೇರ ಅಂಗಡಿಗೆ ಬೇಕಾದ ಗಿಡಗಳನ್ನು ಅಲ್ಲೇ ತನ್ನ ಮನೆಯ ಹಿತ್ತಲಲ್ಲಿ ಬೆಳೆಸುತ್ತಿದ್ದ. ಹಸಿರು ಬಲೆಯ ನೆರಳಿನಲ್ಲಿ ಸಾಲಾಗಿ ಸಿಮೆಂಟಿನ ತೊಟ್ಟಿಗಳು. ಪ್ಯಾಂಟು ಮೊಣಕಾಲಿಗೆ ಮಡಿಸಿ, ನೀರಿನಲ್ಲಿ ನಿಂತು ಅವನು ಗಿಡದ ಮರಿಗಳನ್ನು ಬಿಡಿಸುತ್ತಿದ್ದ. ಅವಳನ್ನು ಕಂಡಾಗ ಅವನ ಕೈಯಲ್ಲಿದ್ದ ಮರಿ ಜಾರಿ ನೀರಿಗೆ ಬಿತ್ತು.

"ಶಾಹೀನ... ಅಮ್ಮಿ ಆರಾಮದಾರಿಲ್ಲೋ?"

"ಅವರು ಆರಾಮದಾರ. ನಾ ಇಲ್ಲ."

ಅವನು ತಡಬಡಿಸಿ ಹೊರಗೆ ಬಂದ.

"ಐದು ವಾರ ಆತ್ರಿ. ಮನಸ್ಸು ಬದಲಾಗಿದ್ರ ಬಾಯಿ ಬಿಟ್ಟು ಹೇಳಬೇಕಿತ್ತು. ನಾ ತಡಕೋತಿದ್ದೆ."

"ಮನಸ್ಸು ಬದಲಾತಾ? ಯಾರದು?" ಜುಬೇರ ದಿಗಿಲಾಗಿ ನೋಡಿದ. "ನಾ ವಾರಾ ವಾರಾ ಬಂದು ಮುಂದ ನಿಂತ್ರ ನೀವು ಸಂಕೋಚಕ್ಕ ಹೂಂ ಅಂದುಬಿಡ್ತೀರಿ ಅಂತ... ನಿಮ್ಮಷ್ಟಕ್ಕ ನೀವ ವಿಚಾರ ಮಾಡ್ರಿ ಅಂತ ದೂರ ಇದ್ದೆ. ಹಚ್ಚಿದ ಮ್ಯಾಲೆ ಮುಟ್ಟಬಾರದಲ್ಲ, ಹಂಗ..."

ತನ್ನ ಮಾತು ತನಗೇ ಕೇಳಿಸಿ ಅವನು ಅರ್ಧಕ್ಕೇ ನಿಲ್ಲಿಸಿದ.

"ನಾ ಗಿಡ ಏನ್ರಿ?"

ಶಾಹೀನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಇಮ್ರಾನನ ಕಥೆಯನ್ನೆಲ್ಲ ಹೇಳಿದಳು. ಯಾರಿಗೂ ಇಷ್ಟು ಹೇಳಿರಲಿಲ್ಲ. ಸುಮ್ಮನಿರುವವರನ್ನು ಕಂಡರೆ ತನಗೆ ಉಸಿರು ಕಟ್ಟುತ್ತದೆ ಎಂದಳು.

ಜುಬೇರ ಸ್ವಲ್ಪ ಅಂತರದಲ್ಲಿ ಕೂತು ಕೇಳಿದ. ಒದ್ದೆ ಕೈಗಳನ್ನು ಒರೆಸಿಕೊಳ್ಳುವುದನ್ನೂ ಮರೆತಿದ್ದ.

"ತಪ್ಪಾತು. ನನಗ ಗಿಡ ಗೊತ್ತಾಗ್ತಾವ, ಮಂದಿ ಗೊತ್ತಾಗೂದಿಲ್ಲ," ಎಂದ ಕೊನೆಗೆ. "ಪ್ರತಿ ಭಾನುವಾರ ನಿಮ್ಮ ಮನಿ ತಿರುವಿನ ತನಕ ಗಾಡಿ ತಂದು ತಿರುಗಿ ಹೋಗೀನ್ರಿ. ಖರೇನ."

"ಐದೂ ಸಲ?"

"ನಾಕು. ಇವತ್ತು ಇನ್ನ ಹೊರಟಿದ್ದಿಲ್ಲ."

ತಡೆದರೂ ಅವಳಿಗೆ ನಗು ಬಂತು.

"ನನ್ನ ಉತ್ತರ ಆವತ್ತ ಇತ್ತು ಜುಬೇರ. ಚಹಾ ಬಂತು, ಹೇಳೂದು ಉಳೀತು."

"ಏನಂತ?"

"ಹೂಂ ಅಂತ. ಉಪಕಾರಕ್ಕಲ್ಲ. ಅಮ್ಮಿ ಎದ್ದು ನಡದಿದ್ದಕ್ಕ ನಾ ದಿನಾ ನಿಮಗ ದುವಾ ಮಾಡ್ತೀನಿ, ಅದು ಬ್ಯಾರೆ. ಭಾನುವಾರ ನೀವು ಬರದಿದ್ರ ನನ್ನ ಮನಿ ನನಗ ಸೇರೂದಿಲ್ಲ, ಇದು ಬ್ಯಾರೆ."

ಜುಬೇರ ತಲೆ ತಗ್ಗಿಸಿದ. ಕಣ್ಣು ತುಂಬಿದ್ದನ್ನು ಮುಚ್ಚಿಡಲು ಅವನಿಗೆ ಬರಲಿಲ್ಲ.

ಮರಳುವ ಬಸ್ ಸಂತೆಯ ಜನದಿಂದ ತುಂಬಿತ್ತು. ಅವನು ಅವಳನ್ನು ಹತ್ತಿಸಿ ಕಿಟಕಿಯ ಕೆಳಗೆ ನಿಂತ. ಬಸ್ ಹೊರಟು ಊರ ಕಮಾನು ದಾಟುವಷ್ಟರಲ್ಲಿ ಶಾಹೀನಳ ಫೋನ್ ರಿಂಗಾಯಿತು.

"ಏನಾತ್ರಿ?"

"ಏನಿಲ್ಲ. ಕುಂದ್ರಾಕ ಜಾಗಾ ಸಿಕ್ಕಿತೇನು ಅಂತ ಕೇಳಾಕ ಮಾಡಿದೆ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಪಕ್ಕದ ಮುದುಕಿ ಕಾಯಿಪಲ್ಲೆಯ ಚೀಲ ಸರಿಸಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಇಲ್ರಿ, ನಿಂತೀನಿ. ಶುಕ್ರಿಯಾ."

"ಶುಕ್ರಿಯಾ ಎದಕ್ಕ? ಜಾಗಾ ಸಿಕ್ಕಿಲ್ಲಲ್ಲ."

"ಕೇಳಿದ್ದಕ್ಕ," ಎಂದಳು ಶಾಹೀನ. "ಮನಿ ಮುಟ್ಟಿದ ಮ್ಯಾಲೆ ಮತ್ತ ಕೇಳ್ರಿ."